ಪದ್ಧತಿ ಇಲ್ಲದ ಮನೆ

ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ನಾನು ಇಪ್ಪತ್ತೆಂಟು ವರ್ಷಗಳಿಂದ ಬಿಳಿ ಗಾದಿಯ ಮೇಲೆ ಕೂತಿದ್ದೇನೆ. ಕೂತು ಕೂತು ಮಂಡಿ ಸವೆದಿವೆ, ನಾಲಿಗೆ ಮಾತ್ರ ಒಂದಿಷ್ಟೂ ಸವೆದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಗಿರಾಕಿಗಳು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವರು ಯಾವ ಮಂದಿ, ಯಾವ ಕಡೆಯವರು, ಮದುವೆ ಜವಳಿಗೆ ಬಂದವರೋ ಸೀಮಂತಕ್ಕೆ ಬಂದವರೋ ಎಂದು ಹೇಳಿಬಿಡಬಲ್ಲೆ. ಜಂಬ ಕೊಚ್ಚುತ್ತಿದ್ದಾನೆ ಅಂದುಕೊಳ್ಳಬೇಡಿ, ಇದು ಕಸುಬು. ಸರಿ, ಸ್ವಲ್ಪ ಜಂಬವೂ ಹೌದು. ಮೊದಲು ಬಿಚ್ಚಿ ಹಾಸಿದ ಸೀರೆಯೇ ತಪ್ಪಾದರೆ ಗಿರಾಕಿಯ ಮನಸ್ಸು ಎದ್ದು ಎದುರಿನ ಅಂಗಡಿಗೆ ಹೋಗಿ ಕೂತಿರುತ್ತದೆ, ದೇಹ ಮಾತ್ರ ನಮ್ಮ ಗಾದಿಯ ಮೇಲೆ ಚಹಾ ಕುಡಿಯುತ್ತಿರುತ್ತದೆ.

ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತಾರೆ. ಮುಖ ನೋಡಿ ಹೇಳಲು ಹೋಗುವವರು ಮೋಸಹೋಗುತ್ತಾರೆ, ಕೈ ನೋಡಬೇಕು. ಆಂಧ್ರ ಕ್ಯಾಂಪಿನ ಹೆಂಗಸರ ಕೈ ಮೊದಲು ಅಂಚಿಗೆ ಹೋಗುತ್ತದೆ. ಕಾಲುವೆಗೆ ನೀರು ಬಂದ ಕಾಲದಲ್ಲಿ ಭತ್ತ ಬೆಳೆಯಲು ಆ ಕಡೆಯಿಂದ ಬಂದು ನಿಂತವರ ಊರುಗಳಿಗೆ ನಮ್ಮಲ್ಲಿ ಕ್ಯಾಂಪು ಎನ್ನುತ್ತಾರೆ. ಮೂರು ತಲೆಮಾರು ಕಳೆದರೂ ಕ್ಯಾಂಪು ಕ್ಯಾಂಪೇ. ಮರಾಠಿ ಮನೆಯವರು ಬಣ್ಣಕ್ಕಿಂತ ಮೊದಲು ಉದ್ದ ಕೇಳುತ್ತಾರೆ. ಕೇರಳದವರು ಜರಿಯನ್ನು ಪಕ್ಕಕ್ಕೆ ಸರಿಸಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡುತ್ತಾರೆ. ಬುರ್ಖಾದೊಳಗಿನಿಂದ ಹೊರಬರುವ ಕೈ ಸೀದಾ ಮಿಂಚುವುದರ ಮೇಲೆ ಬೀಳುತ್ತದೆ. ಮಾರ್ವಾಡಿ ಸೊಸೆಯ ಕೈ ಅತ್ತೆಯ ಕಣ್ಣು ನೋಡಿಕೊಂಡೇ ಮುಂದೆ ಬರುತ್ತದೆ. ನಮ್ಮ ಹಳ್ಳಿಗಳ ರೈತರ ಮನೆಯವರು ಬಂದರೆ ಹೆಂಗಸರು ಸೀರೆ ನೋಡುತ್ತಾರೆ, ಗಂಡಸರು ಫ್ಯಾನು ನೋಡುತ್ತಾರೆ. ಇದನ್ನೆಲ್ಲ ನಾನು ವೇದವಾಕ್ಯ ಎಂದೇ ನಂಬಿದ್ದೆ.

ಪದ್ಧತಿಗಳಂತೂ ನನ್ನ ಬೆರಳ ತುದಿಯಲ್ಲಿದ್ದವು. ಯಾರಿಗೆ ಧಾರೆಯ ಹೊತ್ತಿಗೆ ಹಳದಿಯೇ ಆಗಬೇಕು, ಯಾರಲ್ಲಿ ಅಂಚಿನಲ್ಲಿ ಒಂದೆಳೆ ಕಪ್ಪು ಕಂಡರೂ ಮನೆಯ ಹಿರಿಯರು ಎದ್ದುಹೋಗುತ್ತಾರೆ, ಯಾರಲ್ಲಿ ಸೀರೆಯನ್ನು ಸೋದರಮಾವನೇ ತರಬೇಕು, ಎಲ್ಲ ಗೊತ್ತು. ಎಷ್ಟೋ ಮನೆಯವರು ತಮ್ಮದೇ ಪದ್ಧತಿ ಮರೆತು ನನ್ನನ್ನೇ ಕೇಳುತ್ತಿದ್ದರು. "ನಮ್ಮಲ್ಲಿ ಹೆಂಗ್ರೀ ಅಣ್ಣಾರೆ, ಎರಡನೇ ದಿನಕ್ಕೆ ಯಾವ ಬಣ್ಣ?" ನಾನು ಗಂಟಲು ಸರಿಪಡಿಸಿಕೊಂಡು ಹೇಳುತ್ತಿದ್ದೆ. ಅವರು ತಲೆಯಾಡಿಸಿ ಅದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಂದೆರಡು ಸಲ, ಒಪ್ಪಿಕೊಳ್ಳುತ್ತೇನೆ, ಅಂಗಡಿಯಲ್ಲಿ ಬಹಳ ಉಳಿದಿದ್ದ ಬಣ್ಣವೇ ಅವರ ಪದ್ಧತಿಯಾಗಿದ್ದೂ ಉಂಟು.

ಕೆಲಸ ದಾವಣಗೆರೆಯಲ್ಲಾದರೂ ಇರುವುದು ಹರಿಹರದಲ್ಲಿ, ಹೊಳೆಯ ಕಡೆಗಿನ ಒಂದು ಓಣಿಯಲ್ಲಿ. ಕಡಲ ತೀರದ ಊರುಗಳಿಗೆ ಹಡಗಿನಲ್ಲಿ ಹತ್ತು ದೇಶದ ಮಂದಿ ಬಂದಿಳಿದರಂತೆ. ನಮ್ಮದು ಹೊಳೆಯ ದಂಡೆ. ಇಲ್ಲಿಗೆ ಬಂದವರು ಪ್ಯಾಸೆಂಜರ್ ರೈಲಿನಲ್ಲಿ ಟ್ರಂಕು ಹಿಡಿದು ಬಂದರು, ಕಾರ್ಖಾನೆಯ ಗೇಟು ಎಲ್ಲಿ ಎಂದು ಕೇಳಿದರು, ಆಮೇಲೆ ವಾಪಸ್ಸು ಹೋಗುವುದನ್ನು ಮರೆತರು. ಊರ ದೇವರೇ ಅರ್ಧ ಒಬ್ಬ, ಅರ್ಧ ಇನ್ನೊಬ್ಬ ಅಲ್ಲವೇ ಎಂಬ ಮಾತನ್ನು ನಮ್ಮೂರಿನ ಪ್ರತಿಯೊಬ್ಬ ಭಾಷಣಕಾರನೂ ಆಡುತ್ತಾನೆ, ಹಾಗಾಗಿ ನಾನು ಆಡುವುದಿಲ್ಲ.

ನಮ್ಮ ಓಣಿಯ ಐದು ಮನೆಗಳನ್ನು ಹೇಳಿದರೆ ಊರನ್ನೇ ಹೇಳಿದಂತೆ. ನಮ್ಮ ಎಡಕ್ಕೆ ಕೇರಳದ ನರ್ಸಮ್ಮ, ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದವರು. ಬಲಕ್ಕೆ ಬಳೆ ಅಂಗಡಿಯ ಖಾಲಾ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಯಾವ ಭಾಷೆ ಬೇಕೋ ಆ ಭಾಷೆ. ಎದುರಿಗೆ ಲಂಬಾಣಿ ತಾಂಡಾದಿಂದ ಬಂದ ಬಸ್ ಕಂಡಕ್ಟರ್, ಓಣಿಯಲ್ಲಿ ನೀರಿಗೆ ನಿಂತಾಗಲೂ "ಮುಂದಕ್ಕೆ ಹೋಗ್ರಿ, ಮುಂದಕ್ಕೆ" ಎನ್ನುವವಳು. ಮೂಲೆಯ ಮನೆಯಲ್ಲಿ ಪಾತ್ರೆ ಅಂಗಡಿಯ ರಾಜಸ್ಥಾನಿ ಸೊಸೆ. ಹುಟ್ಟಿದ್ದು, ಓದಿದ್ದು, ಮದುವೆಯಾಗಿದ್ದು ಎಲ್ಲ ಹರಿಹರದಲ್ಲೇ, ಕನ್ನಡದಲ್ಲಿ ಬೈಯಲು ನಿಂತಳೆಂದರೆ ನಾವೆಲ್ಲ ಅವಳಿಂದ ಕಲಿಯಬೇಕು. ಕೊನೆಯ ಮನೆಯಲ್ಲಿ ಕ್ಯಾಂಪಿನಮ್ಮ, ಮಕ್ಕಳ ಓದಿಗೆಂದು ಗದ್ದೆ ಬಿಟ್ಟು ಬಂದು ನೆಲೆಸಿದ ತೆಲುಗಿನವರು.

ಇನ್ನು ನಮ್ಮ ಮನೆ. ನಮ್ಮಪ್ಪ ದಾವಣಗೆರೆಯ ಗಿರಣಿ ಓಣಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಮರಾಠಿ ದರ್ಜಿ. ಅಮ್ಮ ಹತ್ತಿ ಬಿಡಿಸುವ ಕೆಲಸಕ್ಕೆ ಬಂದ ತೆಲುಗಿನವಳು. ಅಪ್ಪ ಮರಾಠಿಯಲ್ಲಿ ಸಿಟ್ಟಾಗುತ್ತಿದ್ದ, ಅಮ್ಮ ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದಳು, ನಾನು ಕನ್ನಡದಲ್ಲಿ ತಪ್ಪಿಸಿಕೊಳ್ಳುತ್ತಿದ್ದೆ. ಹೆಂಡತಿ ಶಾಮನೂರಿನ ಒಕ್ಕಲು ಮನೆಯವಳು. ಎರಡೂ ಕಡೆ ಒಪ್ಪದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡು ಹಾರ ಹಾಕಿಕೊಂಡು, ಸೀದಾ ಹೋಗಿ ಬೆಣ್ಣೆದೋಸೆ ತಿಂದೆವು. ನಮ್ಮ ಮದುವೆ ಅಷ್ಟೇ. ಆಮೇಲೆ ಹಬ್ಬಗಳು ಬಂದವು. ಯುಗಾದಿಯನ್ನು ಹೆಂಡತಿ ಮಾಡಿದಳು, ಓಣಂಗೆ ನರ್ಸಮ್ಮನ ಮನೆಯ ಪಾಯಸ, ರಂಜಾನಿಗೆ ಖಾಲಾ ಕಳಿಸುವ ಶಾವಿಗೆಯ ಸುರಕುಂಬ. ಹಬ್ಬಕ್ಕೆ ನಮ್ಮಲ್ಲಿ ಬರವಿರಲಿಲ್ಲ. ಪದ್ಧತಿ ಅಂತ ಮಾತ್ರ ಒಂದೂ ಇರಲಿಲ್ಲ, ಇಲ್ಲದಿರುವುದು ಯಾರಿಗೂ ಗೊತ್ತಾಗಿಯೂ ಇರಲಿಲ್ಲ.

ಗೊತ್ತಾಗಿದ್ದು ಹೋದ ವರ್ಷ, ಮಗಳನ್ನು ನೋಡಲು ಕೊಕ್ಕನೂರಿನಿಂದ ಮಂದಿ ಬಂದಾಗ.

ನೋಡಲು ಅಂದರೆ ನೋಡುವುದೇನೂ ಉಳಿದಿರಲಿಲ್ಲ. ಮಗಳು ದಾವಣಗೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಆ ಹುಡುಗನೂ ಅಲ್ಲಿಯೇ. ಅವರಿಬ್ಬರೂ ಎರಡು ವರ್ಷದ ಹಿಂದೆಯೇ ನಿಶ್ಚಯ ಮಾಡಿಕೊಂಡಿದ್ದರು. ಹುಡುಗನ ಅಪ್ಪ ಅಮ್ಮ ಭತ್ತದ ಗದ್ದೆಯ ಸಾಧು ಜನ, ಮೊದಲೇ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಹೂಂ ಎನ್ನುವ ಹಕ್ಕು ಇದ್ದದ್ದು ಹುಡುಗನ ಅಜ್ಜಿಗೆ. ಅವರು ಆ ದಿನ ಕಡುಗೆಂಪು ಇಳಕಲ್ ಸೀರೆ ಉಟ್ಟು ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನನಗೆ ತಿಳಿಯಿತು, ಇವರಿಗೆ ಸೀರೆ ಮಾರುವುದು ಯಾರಪ್ಪನಿಂದಲೂ ಆಗುವುದಿಲ್ಲ, ಇವರೇ ಬಂದು ಕೊಳ್ಳಬೇಕು.

ಅಜ್ಜಿ ಮಂಡಕ್ಕಿ ತಿಂದರು, ಮಿರ್ಚಿ ತಿಂದರು, ಚಹಾಕ್ಕೆ ಸಕ್ಕರೆ ಕಡಿಮೆ ಎಂದರು. ಆಮೇಲೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನಿಮ್ಮದು ಯಾವ ಮಂದಿ ಅಂತ ಹುಡುಗ ಹೇಳ್ಯಾನೆ. ಅದೇನೋ ಮೂರ್ನಾಕು ಕೂಡೈತಂತೆ. ಇರ್ಲಿ ಬಿಡ್ರಿ. ಬ್ಯಾರೆ ಮಂದಿ ಆದ್ರೂ ನಡೀತೈತೆ. ಆದ್ರ ಪದ್ಧತಿ ಇಲ್ಲದ ಮನಿ ನಮಗ ಬ್ಯಾಡ. ನಿಮ್ಮಲ್ಲಿ ಮದುವಿ ಪದ್ಧತಿ ಹೆಂಗೆ, ಹೇಳ್ರಿ."

ಹುಡುಗನ ಅಪ್ಪ ನಮ್ಮ ಮನೆಯ ಫ್ಯಾನು ನೋಡತೊಡಗಿದರು. ಹುಡುಗನ ಮುಖ ಬಿಳುಚಿತು. ಅಡುಗೆಮನೆ ಬಾಗಿಲಲ್ಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೂ ಅವಳ ಮುಖದಲ್ಲಿ ಆ ಭಯ ನಾನು ಕಂಡಿರಲಿಲ್ಲ. ಇಲ್ಲ ಅಂದರೆ ಈ ಮದುವೆ ಇಲ್ಲಿಗೇ ಮುಗಿಯಿತು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಪ್ಪತ್ತೆಂಟು ವರ್ಷ ಊರವರಿಗೆಲ್ಲ ಪದ್ಧತಿ ಹೇಳಿಕೊಟ್ಟ ನಾನು, ನನ್ನ ಮನೆಯ ಜಮಖಾನೆಯ ಮೇಲೆ ಬಾಯಿ ಕಟ್ಟಿದವನಂತೆ ಕೂತಿದ್ದೆ.

ಆಗ ನಾಲಿಗೆ ನನ್ನನ್ನು ಕೇಳದೆ ಹೊರಟಿತು.

"ನಮ್ಮಲ್ಲಿ ಒಂದು ಪದ್ಧತಿ ಐತ್ರಿ. ಧಾರೆ ಸೀರೆ ಹುಡುಗಿ ಆರಿಸಂಗಿಲ್ಲ, ಅಪ್ಪ ಅಮ್ಮ ಆರಿಸಂಗಿಲ್ಲ. ಓಣಿಯ ಐದು ಮನಿಯ ಐದು ಹೆಣ್ಮಕ್ಕಳು ಆರಿಸ್ತಾರೆ. ಐದೂ ಮನಿ ಬ್ಯಾರೆ ಬ್ಯಾರೆ ಮಂದಿ ಇರಬೇಕು. ಐದೂ ಮಂದಿ ಒಂದೇ ಸೀರೆಗೆ ಹೂಂ ಅನ್ನಬೇಕು. ಅಲ್ಲೀವರೆಗೂ ಹುಡುಗಿ ಬಾಯಿ ಬಿಡಂಗಿಲ್ಲ."

"ಹಿಂಗೂ ಐತೇನು?" ಎಂದರು ಅಜ್ಜಿ.

"ನಮ್ಮ ಅಜ್ಜನ ಕಾಲದಿಂದ ಐತ್ರಿ," ಎಂದೆ. ನನ್ನ ಅಜ್ಜನ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ.

ಅಜ್ಜಿ ನನ್ನ ಮುಖ ನೋಡಿದರು, ಆಮೇಲೆ ನನ್ನ ಹೆಂಡತಿಯ ಮುಖ ನೋಡಿದರು. "ಹಂಗಾದ್ರ ಸೀರೆ ಆರಿಸೋ ದಿನ ನಾನೂ ಬರ್ತೀನಿ. ಕಣ್ಣಾರೆ ನೋಡ್ತೀನಿ. ಆಮ್ಯಾಲ ಮಾತು," ಎಂದು ಎದ್ದರು. ಬರುವ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಅಂಗಡಿಯಲ್ಲಿ ಎಂದು ನಿಶ್ಚಯವಾಯಿತು.

ಅವರು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ನನಗಾದ ಸನ್ಮಾನವನ್ನು ಪೂರ್ತಿ ಬರೆಯುವುದಿಲ್ಲ. ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಹೇಳಬೇಕಾದದ್ದನ್ನೆಲ್ಲ ಗೋಡೆಗೆ ಹೇಳಿದಳು. ಮೂರನೇ ದಿನ ಬೆಳಿಗ್ಗೆ ಡಬ್ಬಿ ಕಟ್ಟುತ್ತಾ ನೇರವಾಗಿ ಕೇಳಿದಳು: "ಸುಳ್ಳು ಹೇಳಿದ್ದು ಹೇಳಿದ್ರಿ. ಐದು ಮಂದಿ ಯಾಕ ಬೇಕಿತ್ತು? ಒಬ್ರು ಅಂದಿದ್ರ ಸಾಲ್ತಿರಲಿಲ್ಲೇನು?"

ನಿಜವೇ. ಆದರೆ ಮಾತಿಗೆ ಬಿದ್ದಾಗ ಕೈ ಬಿಗಿಹಿಡಿಯುವ ಅಭ್ಯಾಸ ನನಗಿಲ್ಲ. ಒಂದು ಸೀರೆ ಕೇಳಿದವರಿಗೆ ಇಪ್ಪತ್ತು ಬಿಚ್ಚಿ ತೋರಿಸಿ ರೂಢಿ.

ಮಗಳ ಸಿಟ್ಟು ಬೇರೆ. "ನಾನು ಬಾಯಿ ಬಿಡಂಗಿಲ್ಲ ಅಂತ ಯಾಕಪ್ಪ ಸೇರಿಸಿದ್ರಿ?" ಎಂದಳು. ಆಮೇಲೆ ಧ್ವನಿ ಇಳಿಸಿ, "ಇದು ಸರಿ ಹೋಗಲಿಲ್ಲ ಅಂದ್ರ ಅವನ ಅಜ್ಜಿ ಇನ್ನೊಂದು ಸಲ ಈ ಮನಿ ಮೆಟ್ಲು ಹತ್ತಲ್ಲ. ಅಜ್ಜಿ ಮಾತು ಮೀರಿ ಬಾ ಅಂತ ನಾನು ಅವನಿಗೆ ಹೇಳಂಗೂ ಇಲ್ಲ," ಎಂದಳು.

ಐದು ಮನೆಗೂ ಹೋಗಿ ಕೈಮುಗಿದೆ. ಯಾರೂ ಇಲ್ಲ ಎನ್ನಲಿಲ್ಲ, ಆದರೆ ಸುಮ್ಮನೆ ಹೂಂ ಎಂದೂ ಅನ್ನಲಿಲ್ಲ. "ನಿಮ್ಮ ಅಜ್ಜನ ಕಾಲದಾಗ ಈ ಓಣಿನೇ ಇರ್ಲಿಲ್ಲ, ಇಲ್ಲಿ ಬರೇ ಜಾಲಿ ಇತ್ತು," ಎಂದರು ಖಾಲಾ. ಕಂಡಕ್ಟರ್ ಡ್ಯೂಟಿ ಬದಲಾಯಿಸಿಕೊಳ್ಳಬೇಕಾಯಿತು. ರಾಜಸ್ಥಾನಿ ಸೊಸೆ ಅತ್ತೆಗೆ ಏನು ಸುಳ್ಳು ಹೇಳಿ ಹೊರಡುವುದೆಂದು ನನ್ನನ್ನೇ ಕೇಳಿದಳು, ನಾನು ಆ ವಿಷಯದಲ್ಲಿ ಪರಿಣತನಲ್ಲವೇ. ಕೊನೆಗೆ ಎಲ್ಲರಿಗೂ ನನ್ನ ಉಪಾಯ ತಿಳಿಸಿದೆ: ಗಾದಿಯ ಮೇಲೆ ನಾನು ಹತ್ತಾರು ಸೀರೆ ಹಾಸುತ್ತೇನೆ, ಯಾವುದರ ಸೆರಗನ್ನು ಎರಡು ಸಲ ಕೊಡವುತ್ತೇನೋ ಅದಕ್ಕೆ ಎಲ್ಲರೂ ಹೂಂ ಅನ್ನಬೇಕು. ಕಾಲು ಗಂಟೆಯ ಕೆಲಸ. ಆಮೇಲೆ ಎಲ್ಲರಿಗೂ ದೋಸೆ. ಐವರೂ ತಲೆಯಾಡಿಸಿದರು.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಅಜ್ಜಿ ಮಗನ ಜೊತೆ ಬಂದರು. ಹುಡುಗನನ್ನು ಬೇಕೆಂದೇ ಬಿಟ್ಟು ಬಂದಿದ್ದರು. ಕೆಳಗೆ ಕೂರಲು ಮಂಡಿ ನೋವು ಎಂದು ಗೋಡೆ ಬದಿಯ ಕುರ್ಚಿಯಲ್ಲಿ ಕೂತರು. ಓಣಿಯ ಐದು ಹೆಂಗಸರು ಗಾದಿಯ ಮೇಲೆ ಸಾಲಾಗಿ ಕೂತರು. ನನ್ನ ಹೆಂಡತಿ ಮತ್ತು ಮಗಳು ಕಂಬದ ಪಕ್ಕ. ನಾನು ಎದುರಿಗೆ, ಮೂವತ್ತು ಸೀರೆಗಳನ್ನು ಮೊದಲೇ ಆರಿಸಿ ಇಟ್ಟುಕೊಂಡು. ಆರಿಸುವಾಗ ನನ್ನ ಕಸುಬನ್ನೆಲ್ಲ ಧಾರೆ ಎರೆದಿದ್ದೆ. ನರ್ಸಮ್ಮನ ಮುಂದೆ ಕೆನೆಬಣ್ಣದ ಮೇಲೆ ಬಂಗಾರದಂಚು, ಖಾಲಾ ಮುಂದೆ ಮಿರಿಮಿರಿ ಮಿಂಚುವುದು, ಕಂಡಕ್ಟರ್ ಮುಂದೆ ಕನ್ನಡಿ ಕೆಲಸದ ಅಂಚು, ರಾಜಸ್ಥಾನಿ ಸೊಸೆಯ ಮುಂದೆ ಬಾಂಧನಿ ಚುಕ್ಕೆ, ಕ್ಯಾಂಪಿನಮ್ಮನ ಮುಂದೆ ಒಂದು ಗೇಣು ಅಂಚಿನದು. ಅವರವರಿಗೆ ಹಿಡಿಸುವುದನ್ನು ಮೊದಲು ತೋರಿಸಿ ಮನಸ್ಸು ಮೆತ್ತಗೆ ಮಾಡಿ, ಆಮೇಲೆ ನಡುವಿನಲ್ಲಿ ಒಂದು ಗುಲಾಬಿ ರೇಷ್ಮೆ ತೆಗೆದು ಸೆರಗು ಕೊಡವುವುದು ನನ್ನ ಲೆಕ್ಕ.

ನರ್ಸಮ್ಮ ಕೆನೆಬಣ್ಣ ನೋಡಿ ಮುಖ ಸಿಂಡರಿಸಿದರು. "ಅಯ್ಯೋ, ಮೂವತ್ತು ವರ್ಷದಿಂದ ದಿನಾ ಬಿಳಿ ಹಾಕಿ ಹಾಕಿ ಸಾಕಾಗಿದೆ ನನಗೆ. ಮದುವೆ ದಿನವೂ ಬಿಳಿಯೇ?" ಎಂದರು. ಕಂಡಕ್ಟರ್ ಕನ್ನಡಿ ಅಂಚನ್ನು ದೂರ ತಳ್ಳಿದಳು. "ನಮ್ಮವ್ವ ಆ ಭಾರ ಹೊತ್ತು ಹೊತ್ತು ಹೆಗಲು ನೋವು ಅಂತಿದ್ಲು. ಇದನ್ನ ಉಟ್ಟು ಬಸ್ಸಿನ ಬಾಗಿಲಿಗೆ ಸಿಗಾಕ್ಕೊಂಡ್ರ ಮುಗೀತು." ರಾಜಸ್ಥಾನಿ ಸೊಸೆ ಬಾಂಧನಿಯ ಕಡೆ ಕಣ್ಣೂ ಹಾಯಿಸಲಿಲ್ಲ, ಅವಳ ಕೈ ಸೀದಾ ಹೋಗಿ ಬಿದ್ದದ್ದು ಅಜ್ಜಿಯ ಇಳಕಲ್ಲಿನ ಮೇಲೆ. "ಅವ್ವಾರೆ, ಇದು ಎಲ್ಲಿ ತಗಂಡ್ರಿ? ಹಿಂಗಿದ್ದು ಉಡಬೇಕು ನೋಡ್ರಿ." ಅಜ್ಜಿ ಸೆರಗು ಎಳೆದುಕೊಂಡರು. ಇಪ್ಪತ್ತೆಂಟು ವರ್ಷದ ನನ್ನ ವೇದವಾಕ್ಯಗಳು ಐದು ನಿಮಿಷದಲ್ಲಿ ಗಾದಿಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

ಇರಲಿ, ಉಪಾಯ ಇದೆಯಲ್ಲ. ಗುಲಾಬಿ ರೇಷ್ಮೆ ಬಿಚ್ಚಿದೆ. ಸೆರಗನ್ನು ಒಂದು ಸಲ ಕೊಡವಿದೆ. ಎರಡು ಸಲ ಕೊಡವಿದೆ. ಯಾರೂ ಹೂಂ ಅನ್ನಲಿಲ್ಲ. ಮೂರನೇ ಸಲ ಎಷ್ಟು ಜೋರಾಗಿ ಕೊಡವಿದೆನೆಂದರೆ ಕ್ಯಾಂಪಿನಮ್ಮ ಸೀನಿದರು.

"ಗುಲಾಬಿ ಈ ಹುಡುಗಿಗೆ ಆಗಲ್ಲ," ಎಂದರು ಖಾಲಾ ಗಂಭೀರವಾಗಿ. "ಮೂರು ತಿಂಗಳ ಕೂಸಿದ್ದಾಗಿಂದ ಈಕೆ ಕೈಗೆ ಬಳೆ ಇಡಾಕತ್ತೀನಿ ನಾನು. ಗುಲಾಬಿ ಬಳೆ ಹಾಕಿದ್ರ ಕೈ ಮಂಕು ಕಾಣ್ತಾವೆ. ಅರಿಶಿನ ಬಣ್ಣ ತೆಗೀರಿ."

ನಾನು ಕಣ್ಣಲ್ಲೇ ಬೇಡಿಕೊಂಡೆ. ಖಾಲಾ ನನ್ನ ಕಣ್ಣು ನೋಡಲೇ ಇಲ್ಲ.

"ಬಣ್ಣ ಆಮೇಲೆ," ಎಂದರು ನರ್ಸಮ್ಮ. "ಮೊದಲು ಜರಿ. ಜರಿ ಒರಟಾದರೆ ಈ ಮಗುವಿಗೆ ಕುತ್ತಿಗೆ ಸುತ್ತ ದದ್ದು ಏಳುತ್ತೆ. ಏಳನೇ ಕ್ಲಾಸಿನಲ್ಲಿ ಡ್ಯಾನ್ಸಿಗೆ ಜರಿ ಲಂಗ ಹಾಕಿದಾಗ ಮೂರು ದಿನ ನಾನೇ ಮುಲಾಮು ಹಚ್ಚಿದ್ದೀನಿ. ಮೆತ್ತನೆ ನೇರಳೆ ರೇಷ್ಮೆ ಕೊಡಿ."

"ಭಾರ ಇರಬಾರದು," ಎಂದಳು ಕಂಡಕ್ಟರ್. "ಕಾಲೇಜಿಗೆ ಹೋಗುವಾಗ ಮೂರು ವರ್ಷ ನನ್ನ ಬಸ್ಸಿನಾಗೇ ಬಂದಾಳೆ. ಸೀಟು ಸಿಕ್ರೂ ಕೂಡ್ರಲ್ಲ, ವಯಸ್ಸಾದವರಿಗೆ ಕೊಟ್ಟು ನಿಂತ್ಕಂತಾಳೆ. ಇಂಥಾಕಿ ಧಾರೆ ದಿನ ಮೂರು ತಾಸು ನಿಂತೇ ಇರ್ತಾಳೆ ನೋಡ್ರಿ."

ಕ್ಯಾಂಪಿನಮ್ಮ ಮೂಗು ಒರೆಸಿಕೊಂಡು, ಹುಡುಗಿ ಎತ್ತರ ಇಲ್ಲ, ದೊಡ್ಡ ಅಂಚು ಬೇಡವೇ ಬೇಡ, ಸಣ್ಣ ಅಂಚಿನದು ತೆಗೀರಿ ಎಂದರು. ಅಂಚು ಬೇಡ ಎಂದ ಕ್ಯಾಂಪಿನವರನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ರಾಜಸ್ಥಾನಿ ಸೊಸೆ ಇಳಕಲ್ ಬಿಟ್ಟು ಬೇರೆ ಮಾತೇ ಬೇಡ ಎಂದು ಗಾದಿಗೆ ಕೈ ಬಡಿದು ಹೇಳಿದಳು. "ಈಕಿಗೆ ಮೊದಲ ಸಲ ಸೀರೆ ಉಡಿಸಿದ್ದೇ ನಾನು, ಶಾಲೆ ಬಿಡೋ ದಿನದ ಫಂಕ್ಷನ್ನಿಗೆ. ನೆರಿಗೆ ಎಷ್ಟು ನಿಲ್ತಾವೆ ಅಂತ ನನಗ ಗೊತ್ತೋ ನಿಮಗ ಗೊತ್ತೋ?" ಎಂದು ಖಾಲಾರನ್ನೇ ಕೇಳಿದಳು. ಖಾಲಾ ಉರ್ದುವಿನಲ್ಲಿ ಏನೋ ಅಂದರು. ಇವಳು ಕನ್ನಡದಲ್ಲಿ ಇನ್ನೇನೋ ಅಂದಳು. ಪಕ್ಕದ ಗಾದಿಯ ಗಿರಾಕಿಗಳು ತಮ್ಮ ಸೀರೆ ಬಿಟ್ಟು ನಮ್ಮ ಕಡೆ ತಿರುಗಿ ಕೂತರು.

ಹನ್ನೆರಡಾಯಿತು, ಒಂದಾಯಿತು. ಚಹಾ ಎರಡು ಸುತ್ತು ಬಂತು. ನೇರಳೆ ಬಂದರೆ ಖಾಲಾ ಒಪ್ಪಲಿಲ್ಲ, ಅರಿಶಿನ ಬಂದರೆ ಕ್ಯಾಂಪಿನಮ್ಮ ಒಪ್ಪಲಿಲ್ಲ, ಇಬ್ಬರೂ ಒಪ್ಪಿದ 'ಮಾವಿನಹಣ್ಣು' ಬಣ್ಣ ಭಾರವಾಗಿದೆ ಎಂದು ಕಂಡಕ್ಟರ್ ಎತ್ತಿ ತೂಗಿ ತೋರಿಸಿದಳು. ನಾನು ನರ್ಸಮ್ಮನ ಕಡೆ ಬಾಗಿ, "ಹೂಂ ಅಂದುಬಿಡ್ರಿ, ನಿಮಗ ಕೈ ಮುಗಿತೀನಿ, ಮಾತಾಗಿತ್ತಲ್ಲ," ಎಂದು ಪಿಸುಗುಟ್ಟಿದೆ. ಅವರು ಗಟ್ಟಿಯಾಗಿಯೇ ಉತ್ತರ ಕೊಟ್ಟರು: "ಸುಮ್ಮನೆ ಹೂಂ ಅನ್ನೋಕೆ ನಾನು ರಜಾ ಹಾಕಿ ಬರಬೇಕಿತ್ತಾ? ಉಡೋದು ನಮ್ಮ ಹುಡುಗಿ."

ಮಗಳನ್ನು ನೋಡಿದೆ. ಬಾಯಿ ಬಿಡುವಂತಿಲ್ಲವಲ್ಲ, ಕಂಬಕ್ಕೆ ಒರಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಅಜ್ಜಿಯನ್ನು ನೋಡಿದೆ. ಎರಡು ತಾಸಿನಿಂದ ಒಂದು ನಗುವಿಲ್ಲ, ಕಣ್ಣು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುತ್ತಿತ್ತು ಅಷ್ಟೇ. ಅವರ ಮಗ ಅಂಗಡಿಯ ಆರೂ ಫ್ಯಾನುಗಳನ್ನು ನೋಡಿ ಮುಗಿಸಿ ಕಣ್ಣು ಮುಚ್ಚಿದ್ದರು.

ಅಷ್ಟರಲ್ಲಿ ಅಜ್ಜಿ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

ಎದ್ದುಹೋಗುವ ಗಿರಾಕಿಯನ್ನು ನಾನು ಸಾವಿರ ಸಲ ನೋಡಿದ್ದೇನೆ. ಆ ದಿನ ಮಾತ್ರ ಸಿಟ್ಟೋ, ಹೆದರಿಕೆಯೋ, ನಾಚಿಕೆಯೋ, ಎಲ್ಲ ಒಟ್ಟಿಗೇ ಬಂತು. ಕೈಯಲ್ಲಿದ್ದ ಸೀರೆ ಎಸೆದು ಗಾದಿಯ ಮೇಲೇ ಎದ್ದು ನಿಂತೆ.

"ಕೂಡ್ರಿ ಅವ್ವಾರೆ, ಹೋಗಬ್ಯಾಡ್ರಿ. ಇಂಥ ಪದ್ಧತಿ ಇಲ್ಲ. ನಾನು ಸುಳ್ಳು ಹೇಳಿದೆ. ನಮ್ಮ ಅಜ್ಜನ ಕಾಲದಿಂದಲೂ ಇಲ್ಲ, ನಮ್ಮಪ್ಪನ ಕಾಲದಿಂದಲೂ ಇಲ್ಲ. ಹೋದ ವಾರ ನಿಮ್ಮ ಮುಂದೆ ಕೂತು ಕಟ್ಟಿದ್ದು. ನಮ್ಮ ಮನ್ಯಾಗ ಯಾವ ಪದ್ಧತಿನೂ ಇಲ್ಲ. ಈ ಹುಡುಗಿ ಬಾಳ ಒಳ್ಳೇಕಿ. ತಪ್ಪು ನಂದು, ಆಕಿದಲ್ಲ."

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೆಂಡತಿ ಅವಳ ಭುಜ ಹಿಡಿದಳು. ಓಣಿಯ ಐವರೂ ನನ್ನನ್ನು ಕೊಂದುಬಿಡುವಂತೆ ನೋಡಿದರು. ಮೊದಲು ಬಾಯಿ ತೆರೆದದ್ದು ಕಂಡಕ್ಟರ್: "ಈಗ್ಯಾಕ ಹೇಳಿದ್ರಿ? ಇನ್ನೊಂದೆರಡು ಸೀರೆ ತೆಗೆದಿದ್ರ ಮುಗೀತಿತ್ತು!"

ಅಜ್ಜಿ ಹೋಗಲು ಎದ್ದಿರಲಿಲ್ಲ. ನಿಧಾನಕ್ಕೆ ಗೋಡೆ ಹಿಡಿದು ಬಂದು, ಮಂಡಿ ನೋವಿಗೆ ಒಂದು ಬೈಗುಳ ಬೈದು, ಗಾದಿಯ ಮೇಲೆ ಖಾಲಾ ಮತ್ತು ನರ್ಸಮ್ಮನ ನಡುವೆ ಕೂತರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಸುಳ್ಳು ಅಂತ ನನಗ ಅವತ್ತೇ ಗೊತ್ತಾತು. ನಿಮ್ಮ ಮನಿಯಾಕಿ ಮಾರಿ ನೋಡಿದ್ರ ಎಂಥವರಿಗೂ ತಿಳೀತಿತ್ತು. ನಾನು ಪದ್ಧತಿ ಕೇಳಿದ್ದು ಯಾಕ? ಈ ಹುಡುಗಿ ಹಿಂದೆ ಯಾರಾದ್ರೂ ಅದಾರೇನು, ನಾಳೆ ನನ್ನ ಮೊಮ್ಮಗ ಒಂದು ಮಾತು ಹೆಚ್ಚು ಕಡಿಮೆ ಅಂದ್ರ ಕೇಳಾಕೆ ಬರೋರು ಯಾರಾದ್ರೂ ಅದಾರೇನು ಅಂತ ಕೇಳಿದ್ದು. ನಿಮ್ಮ ಮಂದಿ ಅಂತ ಯಾರೂ ಕಾಣಲಿಲ್ಲ ನನಗ ಅವತ್ತು. ಇವತ್ತು ನೋಡಿದೆ. ಅದಾರೆ."

ನಾನು ನಿಂತೇ ಇದ್ದೆ.

"ಕೂಡ್ರಿ ಮತ್ತ. ಅರ್ಧಕ್ಕೆ ಯಾಕ ಬಿಡ್ತೀರಿ? ನಾನಿನ್ನೂ ನಂದು ಹೇಳೇ ಇಲ್ಲ," ಎಂದರು ಅಜ್ಜಿ. "ಗಿಣಿಹಸಿರು ತೆಗೀರಿ. ನಮ್ಮ ಮನಿ ಸೊಸಿಗೆ ಗಿಣಿಹಸಿರೇ ಆಗಬೇಕು."

"ಹಸಿರು ಬ್ಯಾಡ!"

ಐವರೂ ಒಂದೇ ಉಸಿರಿಗೆ ಅಂದರು. ಅಷ್ಟು ಹೊತ್ತಿಗೆ ಅವರು ಒಪ್ಪಿದ ಮೊದಲ ಮಾತು ಅದು. ಕೊಕ್ಕನೂರಿನಲ್ಲಿ ಆ ಅಜ್ಜಿಗೆ ಬೇಡ ಎಂದವರು ಯಾರೂ ಇದ್ದಂತಿಲ್ಲ. ಅವರ ಮಗ ಕಣ್ಣು ತೆರೆದು ಗಾಬರಿಯಿಂದ ನೋಡಿದರು. ಅಜ್ಜಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕಂಬದ ಪಕ್ಕ ಕೆನ್ನೆ ಒರೆಸಿಕೊಳ್ಳುತ್ತಿದ್ದ ನನ್ನ ಮಗಳನ್ನು ನೋಡಿದರು.

"ಆತು ಬಿಡ್ರವ್ವಾ. ಹಸಿರು ಬ್ಯಾಡ," ಎಂದು ಜರುಗಿ ಕೂತು, ಖಾಲಾರ ಕೈಯಿಂದ ಅರಿಶಿನ ಬಣ್ಣದ ಸೆರಗನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು.

ನನಗೆ ತಡೆಯಲಾಗಲಿಲ್ಲ. ಕಪಾಟಿನ ಕಡೆ ತಿರುಗಿ, ಅಂಗಡಿ ತುಂಬ ಮಂದಿ ಇದ್ದಾರೆಂಬ ಪರಿವೆಯೂ ಇಲ್ಲದೆ ಅತ್ತುಬಿಟ್ಟೆ. ಬೆನ್ನ ಹಿಂದಿನಿಂದ ಹೆಂಡತಿಯ ದನಿ ಬಂತು, ಅದೂ ಒಡೆದಿತ್ತು.

"ಅಳೋದು ಆಮ್ಯಾಲ ಅಳ್ರಿ. ಮೊದಲು ಆ ನೇರಳೆ ಕೊಡ್ರಿ, ಅವ್ವಾರಿಗೂ ತೋರಿಸ್ಬೇಕು."